ಗುದ್ದಿದವನು ಸಾರಿ ಕೇಳಲಿಲ್ಲ

ರಸ್ತೇಲಿ ಹೋಗೋವಾಗ ಯಾರೋ ಹಿಂದಿನಿಂದ ಬಂದು ಗುದ್ದಿದ್ರೆ ಅದನ್ನ ಗ್ರಹಚಾರ ಅನ್ನಬಹುದು. ಹಳೇ ಮದ್ರಾಸ್ ರೋಡಲ್ಲಿ ಗಾಡಿ ಓಡಿಸೋನು ಅಷ್ಟಕ್ಕೆ ತಯಾರಾಗೇ ಮನೆ ಬಿಡ್ತಾನೆ. ಆದ್ರೆ ಸ್ವಂತ ರೂಮಲ್ಲಿ, ಪ್ಲಾಸ್ಟಿಕ್ ಕುರ್ಚಿ ಮೇಲೆ, ಲುಂಗಿ ಬನಿಯನ್ನಲ್ಲಿ ಕೂತಿರೋ ಮನುಷ್ಯನಿಗೆ ವಾರ ವಾರ ಅದೇ ಒಬ್ಬ ಬಂದು ಗುದ್ದಿ ಹೋದ್ರೆ ಅದಕ್ಕೆ ಏನಂತೀರಿ? ನನಗೆ ಹಾಗೆ ಆಗ್ತಾನೇ ಇತ್ತು. ಹೇಳಿದ್ರೆ ಜನ ನಗ್ತಾರೆ. ನಗೋರಿಗೇನು, ಗುದ್ದಿಸ್ಕೊಂಡೋನು ನಾನು!

ಮನೆಮನೆಗೂ ಬ್ರಾಡ್‌ಬ್ಯಾಂಡ್ ಬಂದ ಹೊಸತು. ನಾವು ದಾವಣಗೆರೆ ಕಡೆಯವರು. ಸಿ.ವಿ. ರಾಮನ್ ನಗರದ ಒಂದು ಕಂಪನಿಯ ಪರ್ಚೇಸ್ ಸೆಕ್ಷನ್ನಲ್ಲಿ ನಾನು, ಹಲಸೂರಿನ ಬ್ಯಾಂಕೊಂದರಲ್ಲಿ ನನ್ನ ಹೆಂಡತಿ, ಜೋಗುಪಾಳ್ಯದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ನಮ್ಮ ಬೀದಿ ಕೊನೇಲಿ ಒಬ್ಬ ಭಾಯ್ ಗೇಮ್ ಸೆಂಟರ್ ಇಟ್ಟಿದ್ರು. ಅವರು ಸುತ್ತಮುತ್ತಲವರನ್ನ ಸೇರಿಸಿ ಆನ್‌ಲೈನ್ ಕಾರ್ ರೇಸ್ ಶುರು ಮಾಡಿದ್ರು. ಭಾನುವಾರ ಊಟ ಆದ್ಮೇಲೆ ಎಲ್ಲರೂ ಅವರವರ ಮನೇಲೇ ಕಂಪ್ಯೂಟರ್ ಮುಂದೆ ಕೂರೋದು, ಒಂದೇ ಟ್ರ್ಯಾಕಲ್ಲಿ ಕಾರು ಬಿಡೋದು. ಮಾತಾಡ್ಬೇಕಂದ್ರೆ ಪರದೆ ಮೂಲೇಲಿ ಟೈಪ್ ಮಾಡೋದು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಇಂದಿರಾನಗರ, ಹೊರಮಾವು, ಕೆ.ಆರ್. ಪುರ ಅಂತ ಒಂದಷ್ಟು ಜನ ಸೇರ್ಕೊಂಡ್ವಿ. ನಾನು ಶಿಸ್ತಿನ ಡ್ರೈವರ್. ತಿರುವು ಬಂದ್ರೆ ಬ್ರೇಕ್ ಹಾಕ್ತೀನಿ. ಅದೇ ದೊಡ್ಡ ಅಪರಾಧ ಆಗೋಯ್ತು ನೋಡಿ.

ಮೊದಲನೇ ತಿರುವು

ಮೊದಲನೇ ಭಾನುವಾರ, ಮೊದಲನೇ ತಿರುವು. ಬ್ರೇಕ್ ಹಾಕಿದೆ. ಹಿಂದಿನಿಂದ ಒಂದು ಕೆಂಪು ಕಾರು ಬಂತು. ಅದು ಬ್ರೇಕ್ ಹಾಕಲಿಲ್ಲ. ಯಾಕೆ ಹಾಕ್ಬೇಕು? ಮುಂದೆ ನಾನಿದ್ನಲ್ಲ! ನನಗೆ ಗುದ್ದಿ ತನ್ನ ವೇಗ ಇಳಿಸ್ಕೊಂಡು, ನನ್ನನ್ನ ಮರಳಿಗೆ ತಳ್ಳಿ, ತಾನು ನೀಟಾಗಿ ತಿರುಗಿಸ್ಕೊಂಡು ಹೋಯ್ತು. ಅಂದ್ರೆ ಆ ಪುಣ್ಯಾತ್ಮನಿಗೆ ನಾನು ಇನ್ನೊಬ್ಬ ಸ್ಪರ್ಧಿ ಅಲ್ಲ, ನಾನೇ ಅವನ ಬ್ರೇಕು.

ಹೊಟ್ಟೆ ಉರಿದುಹೋಯ್ತು ರೀ. ಆದ್ರೂ ಮರ್ಯಾದಸ್ಥನ ಥರ ಟೈಪ್ ಮಾಡಿದೆ, "ಯಾರ್ರೀ ಅದು? ಗುದ್ದಿದ್ರಿ, ಒಂದು ಸಾರಿ ಹೇಳಿ."

ಉತ್ತರ ಬಂತು, "ಇದು ರೇಸ್, ಗುರು."

ಅಷ್ಟೇ! ನಮ್ಮ ಕಡೆ ಎಮ್ಮೆ ಬಂದು ಮೈ ಉಜ್ಜಿದ್ರೂ ಅದರ ಯಜಮಾನ ಓಡಿ ಬಂದು ಒಂದು ಮಾತಾಡ್ತಾನೆ. ನಾನು ಕುರ್ಚಿಯಿಂದ ಎದ್ದು, "ಕಣ್ಣು ಕಾಣ್ಸಲ್ವೇನೋ? ಹಿಂದಿನಿಂದ ಬಂದು ಗುದ್ತೀಯಾ? ಪ್ರಾಣ ಹೋಗಿದ್ರೆ ಏನ್ ಮಾಡ್ತಿದ್ದೆ?" ಅಂತ ಕಂಪ್ಯೂಟರಿಗೆ ಕೂಗಾಡಿದೆ. ಕೂಗು ಕೆಳಗಿನ ಮನೆಗೆ ಕೇಳಿಸಿದೆ. ಮನೆ ಓನರ್ ಅಮ್ಮ ಹಿಡಿ ಕಾಫಿ ಪುಡಿ ತಗೊಂಡು ಮೆಟ್ಟಿಲು ಹತ್ತಿ ಬಂದ್ಬಿಟ್ರು, ರಕ್ತ ನಿಲ್ಲಿಸೋಕೆ.

"ಐಯೋ, ಎಂಗ ಅಡಿ ಪಟ್ಟುಚ್ಚು ಪಾ? ಎಲ್ಲಿ ಏಟು ಬಿತ್ತು, ತೋರ್ಸು!"

"ನನಗೇನೂ ಆಗಿಲ್ಲ ಅಮ್ಮ, ಕಾರಿಗೆ ಆಯ್ತು," ಅಂದೆ.

ಅವರ ಮುಖದಲ್ಲಿದ್ದ ಕರುಣೆ ಒಂದೇ ಕ್ಷಣದಲ್ಲಿ ಮಾಯ. "ಕಾರು ತಗೊಂಡ್ಯಾ? ನಂಗೆ ಹೇಳ್ಲೇ ಇಲ್ಲ! ನೋಡಪ್ಪ, ಈಗ್ಲೇ ಹೇಳ್ತೀನಿ, ನಮ್ ಗೇಟ್ ಹತ್ರ ಮಾತ್ರ ನಿಲ್ಲಿಸ್ಬೇಡ."

ಕೆಂಪು ಕಾರು

ವಿಚಾರಿಸಿದಾಗ ಗೊತ್ತಾಯ್ತು, ಗುದ್ದಿದೋನು ಕೆ.ಆರ್. ಪುರದವನು. ಮುಂದಿನ ವಾರ ಮತ್ತೆ ಗುದ್ದಿದ. ಅದರ ಮುಂದಿನ ವಾರ ಕೂಡ. ನಾನೆಷ್ಟು ಸಲ ಕೇಳಿದ್ರೂ ಅದೇ ಉತ್ತರ, "ಇದು ರೇಸ್, ಗುರು."

ಸರಿ, ರೇಸು ಅಂದ್ರೆ ಹೀಗೇನಾ, ನೋಡೇಬಿಡೋಣ ಅಂತ ನಿರ್ಧಾರ ಮಾಡಿದೆ. ಒಂದು ಭಾನುವಾರ ಗೆಲ್ಲೋ ಆಸೆ ಬಿಟ್ಟು ತಿರುವಿನ ಪಕ್ಕ ಹುಲ್ಲಲ್ಲಿ ಕಾರು ನಿಲ್ಲಿಸ್ಕೊಂಡು ಕಾದೆ. ಹೆಂಡತಿ ಅವರೆಕಾಯಿ ಸುಲೀತಾ ಪಕ್ಕದಲ್ಲೇ ಕೂತಿದ್ಲು.

"ಎಲ್ರೂ ಹೋಗ್ತಾ ಇದಾರೆ, ನೀವ್ಯಾಕೆ ನಿಂತಿದೀರಿ?"

"ಸುಮ್ನಿರು. ಬರ್ತಾನೆ."

ಬಂತು ಕೆಂಪು ಕಾರು. ಎಲ್ಲಿತ್ತೋ ಆ ರೋಷ! ಆಕ್ಸಿಲರೇಟರ್ ಒತ್ತಿದವನೇ ಹೋಗಿ ಗುದ್ದಿದೆ. ಅದು ಎರಡು ಪಲ್ಟಿ ಹೊಡೆದು ಬೇಲಿ ದಾಟಿ ಬಿತ್ತು. "ಹೆಂಗೆ?" ಅಂತ ಟೈಪ್ ಮಾಡಿದೆ. ಆಹಾ, ಎದೆ ತಣ್ಣಗಾಯ್ತು.

ತಣ್ಣಗಿದ್ದದ್ದು ಉತ್ತರ ಬರೋವರೆಗೆ ಮಾತ್ರ. "ಪರವಾಗಿಲ್ಲ. ಕ್ಷಮಿಸಿ, ನಾನೇ ನಿಮಗೆ ಅಡ್ಡ ಬಂದೆ ಅನ್ಸುತ್ತೆ. ನಿಮಗೇನೂ ತೊಂದರೆ ಆಗಲಿಲ್ಲ ತಾನೆ?"

ಹೊರಮಾವಿನ ಅಂಕಲ್ ರೀ! ರಿಟೈರ್ಡ್ ಮೇಷ್ಟ್ರು. ಹೆಂಡತೀನ ಹಿಂದೆ ಕೂರಿಸ್ಕೊಂಡು ದೇವಸ್ಥಾನಕ್ಕೆ ಹೊರಟೋರ ಹಾಗೆ ಕಾರು ಬಿಡ್ತಿದ್ರು. ಪ್ರತಿ ವಾರ ಅವರದ್ದೇ ಕೊನೇ ಸ್ಥಾನ. ಹಿಂದಿಂದ ಯಾರು ಬಂದ್ರೂ ಪಕ್ಕಕ್ಕೆ ಸರಿದು ಸೈಡ್ ಕೊಡೋರು. ಅವರದ್ದೂ ಕೆಂಪು ಕಾರು ಅಂತ ನನಗೇನು ಕನಸು ಬಿದ್ದಿತ್ತಾ?

ಭಾಯ್ ನನಗೇ ದಂಡ ಹಾಕಿದ್ರು, ಪಾಯಿಂಟು ಕಟ್. ಇಷ್ಟು ವಾರ ಗುದ್ದಿದೋನಿಗೆ ಏನೂ ಇಲ್ಲ, ಒಂದೇ ಒಂದು ಸಲ ಗುದ್ದಿದ ನಾನು ರೌಡಿ! ಹೆಂಡತಿ ಅವರೆಕಾಯಿ ಸಿಪ್ಪೆ ಒಟ್ಟು ಮಾಡ್ತಾ, "ಬರ್ತಾನೆ ಅಂದ್ರಲ್ಲ, ಯಾರು ಬಂದಿದ್ದು ಅಂತ ಒಂದ್ಮಾತು ಕೇಳಿ ಗುದ್ದಬಾರ್ದಿತ್ತಾ?" ಅಂದ್ಲು.

ಬೀದಿ ತೀರ್ಪು

ನ್ಯಾಯ ಕೇಳೋಕೆ ಗೇಮ್ ಸೆಂಟರಿಗೇ ಹೋದೆ. ಭಾಯ್ ಹತ್ರ ಎಲ್ಲಾ ರೇಸಿನ ರೆಕಾರ್ಡಿಂಗ್ ಇರ್ತಿತ್ತು. "ಅವನು ನನಗೆ ಗುದ್ದಿದ್ದು ಹಾಕಿ, ನೀವೇ ನೋಡಿ," ಅಂದೆ. ಹಾಕಿದ್ರು. ನಮ್ಮ ಜನ ಗೊತ್ತಲ್ಲ, ಆಕ್ಸಿಡೆಂಟ್ ಅಂದ್ರೆ ಸಾಕು. ಪಕ್ಕದ ಟೈಲರ್ ಬಂದ್ರು, ಬೇಕರಿಯವನು ಬಂದ, ಟೀ ಕುಡೀತಿದ್ದ ಆಟೋದವನು ಗ್ಲಾಸ್ ಹಿಡ್ಕೊಂಡೇ ಬಂದ.

ಟೈಲರ್ ತೀರ್ಪು ಕೊಟ್ರು, "ಮುಂದಿನ ಗಾಡಿಯವಂದೇ ತಪ್ಪು. ಚೆನ್ನಾಗಿ ಹೋಗ್ತಿದ್ದೋನು ಬ್ರೇಕ್ ಯಾಕೆ ಹಾಕ್ಬೇಕು?"

"ತಿರುವಿತ್ತು ರೀ!"

"ತಿರುವು ಹಿಂದಿನೋನಿಗೂ ಇತ್ತಲ್ಲ. ಅವನು ಹಾಕಿದ್ನಾ?"

ಭಾಯ್ ನನ್ನ ಹೆಗಲ ಮೇಲೆ ಕೈ ಹಾಕಿ, "ಜಾನೇ ದೋ ಸಾಬ್, ಗೇಮ್ ಹೈ," ಅಂದ್ರು. ನಾನು ಬಿಡಲಿಲ್ಲ. ನನಗೆ ಗೆಲುವು ಬೇಡ, ಪ್ರೈಜ್ ಕಪ್ಪು ಬೇಡ, ಗುದ್ದಿದೋನು ಒಂದು ಸಾರಿ ಹೇಳ್ಬೇಕು ಅಷ್ಟೇ ಅಂತ ಹಠ ಹಿಡಿದೆ. ಕೊನೆಗೆ ಅವರು, ಗುದ್ದಿದೋರು ಸಾರಿ ಹೇಳ್ಬೇಕು ಅಂತ ರೂಲ್ ಮಾಡೋಕೆ ಒಪ್ಕೊಂಡ್ರು. ಗೆದ್ದೆ ಅಂದ್ಕೊಂಡು ಹೊರಗೆ ಬರ್ತಿದ್ದೆ, ಆಟೋದವನು ತಡೆದು ನಿಲ್ಲಿಸಿದ.

"ಸಾರ್, ಗಾಡಿ ಎಲ್ಲಿದೆ ಈಗ? ಟಿಂಕರಿಂಗ್ ಮಾಡೋ ನಮ್ ಹುಡುಗ ಒಬ್ಬ ಇದಾನೆ."

ಎರಡು ಬ್ರೇಕಿನ ಕಾರು

ರೂಲ್ ಬಂದ್ರೂ ಸಾರಿ ಬರಲಿಲ್ಲ. ಗುದ್ದೋದು ಮಾತ್ರ ತಪ್ಪದೇ ಬಂತು. ಮುಖಾಮುಖಿ ಕೇಳೇಬಿಡೋಣ ಅಂತ ಭಾಯ್ ಹತ್ರ ವಿಳಾಸ ತಗೊಂಡು, ಒಂದು ಶನಿವಾರ ಸ್ಕೂಟರ್ ಹತ್ತಿ ಕೆ.ಆರ್. ಪುರಕ್ಕೆ ಹೋದೆ. ದಾರಿ ಉದ್ದಕ್ಕೂ ಬೈಗುಳ ಜೋಡಿಸ್ಕೊಂಡೆ. ವಿಳಾಸದ ಮುಂದೆ ನಿಂತು ಬೋರ್ಡ್ ಓದಿದೆ. ಡ್ರೈವಿಂಗ್ ಸ್ಕೂಲು!

ನನ್ನ ಶತ್ರು ಡ್ರೈವಿಂಗ್ ಹೇಳ್ಕೊಡೋ ಮೇಷ್ಟ್ರು. ಅಷ್ಟೊತ್ತಿಗೆ ಒಂದು ಕಾರು ಇರುವೆ ಹರಿದ ಹಾಗೆ ಗೇಟೊಳಗೆ ಬಂತು. ಸ್ಟಿಯರಿಂಗ್ ಹಿಡಿದು ಒಬ್ಬ ಹೆಂಗಸು ಬೆವರ್ತಾ ಇದ್ಲು. ಪಕ್ಕದಲ್ಲಿ ಕೂತಿದ್ದೋನು, "ಗ್ಯಾಪ್ ಬಿಡಮ್ಮ, ಗ್ಯಾಪ್! ಮುಂದಿನ ಗಾಡೀಲೂ ಮನುಷ್ಯರೇ ಇರ್ತಾರೆ, ಅವರಿಗೂ ಹೆಂಡ್ತಿ ಮಕ್ಳು ಇರ್ತಾರೆ," ಅಂತಿದ್ದ.

ನಾನು ಹೋಗಿ ಎದುರಿಗೆ ನಿಂತೆ. "ನಾನೇ ಮುಂದಿನ ಗಾಡಿ," ಅಂದೆ.

ಗುರುತು ಹಿಡಿದ್ಬಿಟ್ಟ. "ಓ, ಜೋಗುಪಾಳ್ಯದ ಸಾರಾ! ಬನ್ನಿ ಸಾರ್, ಕೂತ್ಕೊಳ್ಳಿ. ಕಾಫಿನಾ ಟೀನಾ?" ಅಂತ ಫ್ಯಾನ್ ನನ್ನ ಕಡೆ ತಿರುಗಿಸಿದ. ಎಷ್ಟು ಒಳ್ಳೇ ಮನುಷ್ಯ ಅಂದ್ರೆ, ಜೋಡಿಸ್ಕೊಂಡು ಬಂದಿದ್ದ ಬೈಗುಳ ಬಿಟ್ಟು ಕಾಫಿ ಅಂದೆ.

"ಅಲ್ಲಾ ರೀ, ಊರಿಗೆಲ್ಲಾ ಗ್ಯಾಪ್ ಬಿಡಿ ಅಂತ ಹೇಳ್ಕೊಡೋರು ನೀವು. ನನಗ್ಯಾಕೆ ಗುದ್ತೀರಿ?"

ಅವನು ಕಾರಿನ ಬಾಗಿಲು ತೆಗೆದು, ತನ್ನ ಸೀಟಿನ ಕೆಳಗಿದ್ದ ಇನ್ನೊಂದು ಬ್ರೇಕ್ ತೋರಿಸಿದ. "ನೋಡಿ ಸಾರ್. ಸೋಮವಾರದಿಂದ ಶನಿವಾರದವರೆಗೆ ನನ್ನ ಕಾಲು ಇದರ ಮೇಲೇ ಇರುತ್ತೆ. ಜೀವ ಕೈಯಲ್ಲಿ ಹಿಡ್ಕೊಂಡು ಒತ್ತಿದ್ದೇ ಒತ್ತಿದ್ದು. ಭಾನುವಾರ ಒಂದಿನ ಬ್ರೇಕ್ ಮುಟ್ಟಲ್ಲ ಅಂತ ಇಟ್ಕೊಂಡಿದೀನಿ."

ಪಾಪ ಅನ್ನಿಸ್ತು, ಸುಳ್ಳು ಹೇಳಲ್ಲ. "ಆಯ್ತು, ಗುದ್ದಿ," ಅಂದ್ಬಿಟ್ಟೆ ನೋಡಿ ನಾನೇ! "ಆದ್ರೆ ಗುದ್ದಿದ್ಮೇಲೆ ಒಂದು ಸಾರಿ ಹೇಳೋಕೇನು ಕಷ್ಟ? ನಿಮ್ಮ ಗಂಟೇನು ಹೋಗುತ್ತೆ?"

ಅವನು ಹೌಹಾರಿದ. "ಅದೊಂದು ಕೇಳ್ಬೇಡಿ ಸಾರ್. ಗುದ್ದಿದೋನು ಸಾರಿ ಅಂದ ಅಂದ್ರೆ ತಪ್ಪು ಒಪ್ಕೊಂಡ ಹಾಗೆ, ಕೇಸು ಅಲ್ಲಿಗೇ ಮುಗೀತು. ನಮ್ಮ ಸ್ಕೂಲಲ್ಲಿ ಗೇರಿಗಿಂತ ಮುಂಚೆ ಅದನ್ನೇ ಹೇಳ್ಕೊಡೋದು."

ಸೇತುವೆ ಮೇಲೆ

ಕೊನೇ ಭಾನುವಾರ, ಕೊನೇ ರೇಸು. ಗೆದ್ದೋರಿಗೆ ಭಾಯ್ ಕಡೆಯಿಂದ ಕಪ್ಪು. ನನಗೆ ಕಪ್ಪಿನ ಮೇಲೆ ಕಣ್ಣಿರಲಿಲ್ಲ, ಇವತ್ತು ಬಿಟ್ರೆ ಸಾರಿ ಇಲ್ಲ ಅನ್ನೋದೊಂದೇ ತಲೇಲಿ ಇದ್ದದ್ದು. ಬೆಳಿಗ್ಗೆಯಿಂದ ಅದೇ ಜಪ. "ಇವತ್ತೂ ಹೇಳದೇ ಇದ್ರೆ ನಾನು ಬಿಡಲ್ಲ," ಅಂದೆ. "ಊಟ ಮಾಡಿ, ಆಮೇಲೆ ಬಿಡಬೇಡಿ," ಅಂದ್ಲು ಹೆಂಡತಿ.

ಆ ದಿನದ ಟ್ರ್ಯಾಕಲ್ಲಿ ಗೆಲುವಿನ ಗೆರೆಗಿಂತ ಸ್ವಲ್ಪ ಮೊದಲು ಒಂದು ಕಿರಿದಾದ ಸೇತುವೆ. ದೇವರಾಣೆ, ನಾನೇ ಮುಂದಿದ್ದೆ. ಸೇತುವೆ ಮೇಲೆ ಬಂದ ನೋಡಿ ಹಿಂದಿನಿಂದ, ಧಡ್! ನನ್ನ ಕಾರು ಗಿರ್ರನೆ ತಿರುಗಿ ಅಡ್ಡಡ್ಡ ನಿಂತಿತು.

ನೇರ ಮಾಡ್ಕೊಂಡು ಹೋಗಿದ್ರೆ ಗೆಲ್ತಿದ್ದೆನೋ ಏನೋ. ಆದ್ರೆ ಆಗ ನನಗೆ ಅನ್ನಿಸಿದ್ದು ಒಂದೇ, ಬೆಂಗಳೂರಲ್ಲಿ ಗಾಡಿ ಓಡಿಸೋ ಯಾರಿಗಾದ್ರೂ ಅನ್ನಿಸೋದು ಅದೇ. ಗುದ್ದಿದ ಜಾಗದಿಂದ ಗಾಡಿ ತೆಗೀಬಾರ್ದು! ಕೀಬೋರ್ಡ್ ಮೇಲಿಂದ ಕೈ ಎತ್ತಿದೆ. "ಗಾಡಿ ತೆಗೆಯಲ್ಲ. ಸಾರಿ ಹೇಳೋವರೆಗೂ ಇಲ್ಲೇ ಇರುತ್ತೆ," ಅಂತ ಟೈಪ್ ಮಾಡಿದೆ.

ಅವನು ಹಿಂದೆ ತಗೊಂಡು ಪಕ್ಕದಲ್ಲಿ ನುಸುಳಿ ಹೋಗಬಹುದಿತ್ತು, ಒಂದು ಕಾರಿನಷ್ಟು ಜಾಗ ಇತ್ತು. ಹೋಗ್ಲಿಲ್ಲ! ಅವನೂ ಡ್ರೈವಿಂಗ್ ಸ್ಕೂಲಿನೋನಲ್ಲವಾ? "ನಾನೂ ತೆಗೆಯಲ್ಲ ಸಾರ್. ಮೊದಲು ತೆಗೆದೋರದ್ದೇ ತಪ್ಪು ಅಂತಾರೆ," ಅಂದು ಆ ಜಾಗಕ್ಕೆ ತನ್ನ ಕಾರು ಅಡ್ಡ ಇಟ್ಟ.

ಹಿಂದಿನಿಂದ ಇಂದಿರಾನಗರದವರು ಬಂದ್ರು, ನಿಂತ್ರು. ಮಿಕ್ಕವರೂ ಬಂದ್ರು, ನಿಂತ್ರು. ನಿಂತೋರು ಸುಮ್ನಿರ್ತಾರಾ? ಒಬ್ಬ ನನ್ನ ಕಡೆ, ಇಬ್ಬರು ಅವನ ಕಡೆ. ಹಿಂದೆ ಸಿಕ್ಕಿಕೊಂಡೋನು ಒಂದೇ ಸಮ ಹಾರ್ನ್ ಹೊಡೀತಿದ್ದ. ಒಬ್ಬ "ಪೊಲೀಸ್ ಬರ್ಲಿ" ಅಂದ. ಎಲ್ಲಿಂದ ಬರ್ತಾರೆ ಪೊಲೀಸು? ಭಾಯ್ ಬೇರೆ, "ಚಲೋ ಸಾಬ್, ರೇಸ್ ಹೈ, ಆಗೇ ಬಢೋ," ಅಂತ ಬೇಡ್ಕೊಳ್ತಾ ಇದ್ರು. ಯಾರು ಕೇಳ್ತಾರೆ! ನನ್ನ ಹೆಂಡತಿ ಹಿಂದೆ ನಿಂತು ನೋಡಿ, "ಅಯ್ಯೋ, ನಾನು ದಿನಾ ಬ್ಯಾಂಕಿಗೆ ಹೋಗೋ ರೋಡ್ ಥರಾನೇ ಇದೆಯಲ್ರೀ," ಅಂದ್ಲು.

ಅಷ್ಟೊತ್ತಿಗೆ ದೂರದಲ್ಲಿ ಇನ್ನೊಂದು ಕೆಂಪು ಕಾರು ಕಾಣಿಸ್ತು. ನಿಧಾನಕ್ಕೆ, ಎಡಗಡೆ ಅಂಚು ಹಿಡ್ಕೊಂಡು ಬಂತು. ಹೊರಮಾವಿನ ಅಂಕಲ್. ನಿಂತಿದ್ದವರೆಲ್ಲ ಸರಿದು ದಾರಿ ಬಿಟ್ರು. ನಮ್ಮಿಬ್ಬರ ಹತ್ರ ಬಂದು ನಿಂತು, ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದ್ರು.

"ಮಾತಾಡ್ತಿದ್ದೀರಾ? ಮಾತಾಡಿ, ಮಾತಾಡಿ. ನನಗೆ ಸ್ವಲ್ಪ ಜಾಗ ಸಿಗುತ್ತಾ?"

ಬೆರಳು ತಾನಾಗೇ ರಿವರ್ಸ್ ಕೀ ಮೇಲೆ ಹೋಯ್ತು. ಹಿರಿಯರು ಕೇಳಿದ್ಮೇಲೆ ಇಲ್ಲ ಅನ್ನೋಕಾಗುತ್ತಾ? ನಾನು ಹಿಂದೆ ತಗೊಂಡೆ, ಅವನೂ ತಗೊಂಡ. ಅಂಕಲ್ ನಮ್ಮಿಬ್ಬರ ಮಧ್ಯೆ ಮೆಲ್ಲಗೆ ದಾಟ್ಕೊಂಡು ಹೋದ್ರು. ಆಮೇಲೆ ನಾವಿಬ್ರೂ ವಾಪಸ್ ಬಂದು, ಮೊದಲು ಹೇಗಿದ್ವೋ ಹಾಗೇ ಅಡ್ಡ ನಿಂತ್ವಿ. ಕೇಸ್ ಇನ್ನೂ ಮುಗಿದಿರಲಿಲ್ಲವಲ್ಲ.

ಪರದೆ ಮೇಲೆ ದೊಡ್ಡ ಅಕ್ಷರ ಬಂದಾಗಲೇ ನಮಗೆ ಹೊಳೆದದ್ದು. ಅಂಕಲ್ ಗೆದ್ದುಬಿಟ್ಟಿದ್ರು! ಇಡೀ ಸೀಸನ್ ಕೊನೇ ಸ್ಥಾನ ಬಿಟ್ಟು ಕದಲದೇ ಇದ್ದ ಅಂಕಲ್ "ನಾನಾ?" ಅಂತ ಕೇಳ್ತಿದ್ರು.

ಆಗ ನನ್ನ ಶತ್ರು ಟೈಪ್ ಮಾಡಿದ. ನಾನು ಕನ್ನಡಕ ಒರೆಸ್ಕೊಂಡು ಓದಿದೆ.

"ಸಾರಿ ಅಂಕಲ್. ದಾರಿಗೆ ಅಡ್ಡ ನಿಂತು ನಿಮ್ಮನ್ನ ಕಾಯಿಸಿಬಿಟ್ವಿ."

ಅಂಕಲ್‌ಗೆ! ಇವನ ಕೈಲಿ ಒಂದು ದಿನಾನೂ ಗುದ್ದಿಸ್ಕೊಳ್ಳದ ಅಂಕಲ್‌ಗೆ! ಇಷ್ಟು ತಿಂಗಳು ಊಟ ನಿದ್ದೆ ಬಿಟ್ಟು ನಾನು ಕಾದಿದ್ದ ಸಾರೀನ ಇವನು ಹೋಗಿ ಬೇರೆಯವರಿಗೆ ಕೊಟ್ಟುಬಿಟ್ಟನಲ್ಲ! ಟೈಪ್ ಮಾಡಿದೆ, "ಏನ್ರೀ ಇದು ಅನ್ಯಾಯ? ಅವರಿಗೆ ಹೇಳೋಕೆ ಬರುತ್ತೆ, ನನಗೆ ಹೇಳೋಕೆ ಬರಲ್ವಾ?"

ತಕ್ಷಣ ಉತ್ತರ ಬಂತು, ಯಾವತ್ತಿನ ಹಾಗೆ ಬಹಳ ಮರ್ಯಾದೆಯಿಂದ.

"ಅವರಿಗೆ ನಾನು ಗುದ್ದಿಲ್ವಲ್ಲ ಸಾರ್. ಗುದ್ದದೇ ಇರೋರಿಗೆ ಎಷ್ಟು ಬೇಕಾದ್ರೂ ಹೇಳಬಹುದು."