ಮೈನಸ್ ನಾಲ್ಕರ ಹಿತ್ತಿಲು

ಗಣಿತದ ಮೇಷ್ಟ್ರು ಮನೆಯಲ್ಲಿ ಗಣಿತ ಬಳಸುವುದು ಕೆಲಸ ತಪ್ಪಿಸಿಕೊಳ್ಳಲಿಕ್ಕೆ. ಬೇರೆಯವರದು ಗೊತ್ತಿಲ್ಲ, ಹೊಸನಗರದಲ್ಲಿ ಹದಿನೆಂಟು ವರ್ಷದಿಂದ ಹತ್ತನೇ ತರಗತಿಗೆ ವರ್ಗಸಮೀಕರಣ ಕಲಿಸುತ್ತಿರುವ ನನ್ನ ವಿಷಯ ಇದು. ಅದರಲ್ಲೂ ಶೋಧಕ ಎಂದರೆ ನನಗೆ ಪ್ರಾಣ. ಸಮೀಕರಣ ಬಿಡಿಸುವ ಗೋಜಿಲ್ಲದೆ ಅದಕ್ಕೆ ಮೂಲಗಳಿವೆಯೋ ಇಲ್ಲವೋ ಎಂದು ಆ ಒಂದು ಸಂಖ್ಯೆ ಹೇಳಿಬಿಡುತ್ತದೆ. ಸೊನ್ನೆಗಿಂತ ಕಡಿಮೆ ಬಂದರೆ 'ವಾಸ್ತವ ಮೂಲಗಳಿಲ್ಲ' ಎಂದು ಬರೆದು ಪೆನ್ನು ಮುಚ್ಚಬಹುದು.

ಹೆಂಡತಿ ತೀರ್ಥಹಳ್ಳಿಯ ತವರಿನಿಂದ ತಂದು ಬಿತ್ತಿದ್ದ ಅಲಸಂಡೆಯನ್ನು ಪಕ್ಕದ ಮನೆ ಕೋಳಿಗಳು ಎರಡು ಸಲ ಕೆದಕಿ ತಿಂದವು. ಇಬ್ಬರೂ ಸಾಗರಕ್ಕೆ ಹೋಗಿ ನಲವತ್ತು ಮೀಟರ್ ಬಲೆ ತಂದೆವು. ಬರುವಾಗ ಬಸ್ಸಿನಲ್ಲಿ ಬಲೆಯ ಸುರುಳಿಗೆ ಸೀಟು ಸಿಕ್ಕಿತು, ನನಗೆ ಸಿಗಲಿಲ್ಲ. ಒಂದು ಗುಂಟೆಗೆ, ಅಂದರೆ ನೂರಾ ಒಂದು ಚದರ ಮೀಟರಿಗೆ ಬೇಲಿ ಆಗಬೇಕು, ಭಾನುವಾರ ನಾನು ಅಗೆಯಬೇಕು ಎಂಬುದು ಅವಳ ಯೋಜನೆ. ನಾನು ಲೆಕ್ಕ ಹಾಕಿದೆ. ಉದ್ದ ಅಗಲ ಕೂಡಿದರೆ ಇಪ್ಪತ್ತು, ಗುಣಿಸಿದರೆ ನೂರಾ ಒಂದು. ಇಪ್ಪತ್ತರ ವರ್ಗ ನಾನೂರು, ಅದರಲ್ಲಿ ನಾನೂರಾ ನಾಲ್ಕು ಕಳೆದರೆ ಶೋಧಕ ಮೈನಸ್ ನಾಲ್ಕು. "ಆಗೂದಿಲ್ಲ ಮಾರಾಯ್ತಿ" ಎಂದೆ. ನೂರೇ ಚದರ ಮೀಟರಾದರೆ ಶೋಧಕ ಸೊನ್ನೆಯಾಗಿ ಚೊಕ್ಕ ಚೌಕ ಬರುತ್ತದೆಂದು ಹೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಬರೆಯಬಾರದೆಂದು ಮಕ್ಕಳಿಗೆ ಕಲಿಸಿದವನೇ ನಾನು.

ಅವಳು ನಂಬಲಿಲ್ಲ. ಸಾಕ್ಷಿ ಬೇಕಾಗಿ ಇದನ್ನೇ ಪೂರ್ವಸಿದ್ಧತಾ ಪರೀಕ್ಷೆಗೆ ಮೂರು ಅಂಕದ ಪ್ರಶ್ನೆ ಮಾಡಿದೆ. ನಲವತ್ತು ಮಕ್ಕಳು ನನ್ನ ಪರವಾಗಿ ಮೈನಸ್ ನಾಲ್ಕು ಬರೆದರು. ಭವ್ಯಾ ಎಂಬ ಹುಡುಗಿ ಮಾತ್ರ ಒಂದು ಮನೆ, ಅದರ ಹಿಂಬದಿಗೆ ಮೂರು ಕಡೆ ಬೇಲಿ ಬಿಡಿಸಿ, 'ಒಂದು ಕಡೆ ಗೋಡೆ ಇದ್ದರೆ ಆಗುತ್ತದೆ' ಎಂದು ಬರೆದಿದ್ದಳು. ಸಿಟ್ಟು ಬಂತು. ಸೊನ್ನೆ ಕೊಟ್ಟೆ. ಅದರಿಂದ ಅವಳು ಎರಡು ಅಂಕದಲ್ಲಿ ಫೇಲಾದಳು.

ಭಾನುವಾರ ಚಹಾ ತಂದ ಹೆಂಡತಿ ಆ ಚಿತ್ರವನ್ನು ನಿಂತೇ ನೋಡಿದಳು.

"ಈ ಹುಡುಗಿಗೆ ಸೊನ್ನೆ ಎಂತಕ್ರೀ?"

"ಶೋಧಕ ಬರೆದಿಲ್ಲ."

"ಗೋಡೆ ಇದ್ದಲ್ಲಿ ಬಲೆ ಎಂತಕ್ಕೆ? ಕೋಳಿ ಗೋಡೆ ತೂರಿ ಬರ್ತಾವಾ?"

ಮಧ್ಯಾಹ್ನದ ಹೊತ್ತಿಗೆ ಮನೆಯ ಹಿಂದಿನ ಗೋಡೆಗೆ ತಾಗಿಸಿ ಒಂದು ಗುಂಟೆಗೆ ಬೇಲಿ ನಿಂತಿತ್ತು. ಹತ್ತು ಮೀಟರಿಗಿಂತ ಹೆಚ್ಚು ಬಲೆ ಉಳಿದಿತ್ತು. ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿದೆ. ನಾಲ್ಕೂ ಕಡೆ ಬಲೆಯೇ ಇರಬೇಕೆಂದು ನಾನು ಎಲ್ಲೂ ಬರೆದಿರಲಿಲ್ಲ. ಹೆಂಡತಿ ಗುದ್ದಲಿ ಕೊಟ್ಟಳು.

ಸಂಜೆ ಕೈ ತೊಳೆದುಕೊಂಡು, ಬೊಬ್ಬೆ ಎದ್ದ ಬೆರಳಲ್ಲೇ ಪೆನ್ನು ಹಿಡಿದು ಭವ್ಯಾಳ ಸೊನ್ನೆಯನ್ನು ಮೂರು ಮಾಡಿದೆ. ಅವಳು ಪಾಸಾದಳು. ಉಳಿದ ನಲವತ್ತು ಮಕ್ಕಳ ಅಂಕ ಮುಟ್ಟಲಿಲ್ಲ. ಮೇಷ್ಟ್ರಿಗೆ ಎಷ್ಟು ಗೊತ್ತೋ ಅಷ್ಟನ್ನೇ ಬರೆದವರಿಗೆ ಪೂರ್ಣ ಅಂಕ ಕೊಡುವುದು ನಮ್ಮಲ್ಲಿ ಮೊದಲಿನಿಂದಲೂ ಇರುವ ಪದ್ಧತಿ.