ಈಶಾನ್ಯಕ್ಕೆ ತಿರುಗಿದ ಬೋರ್ಡು

ಎಲ್ಲ ಶುರುವಾದದ್ದು ಹೊನ್ನಪ್ಪನವರ ತೆಂಗಿನಕಾಯಿಯಿಂದ.

ಉಮಾಪತಿ ನಾಗಪುರದಲ್ಲಿ ಹೆದ್ದಾರಿ ಕಂಪನಿಯೊಂದರ ಕಿರಿಯ ಎಂಜಿನಿಯರ್. ಹೊಸದಾಗಿ ಕೈಹಿಡಿದ ವಿಮಲಾ ಹುಬ್ಬಳ್ಳಿಯಲ್ಲಿ, ಇವನು ನಾಗಪುರದ ಬಜಾಜ್ ನಗರ ಬಡಾವಣೆಯ ಒಂಟಿ ಕೋಣೆಯಲ್ಲಿ. ಆ ಸೀಮೆಯ ಎರೆಮಣ್ಣಿನಲ್ಲಿ ನೆಟ್ಟ ದಾರಿಫಲಕಗಳು ಒಂದು ಮಳೆಗಾಲ ಕಳೆಯುವುದರೊಳಗೆ ಮಲಗಿಬಿಡುತ್ತಿದ್ದವು. "ಬೀಳದ ಕಂಬ ಒಂದು ನಿಲ್ಲಿಸಿ ತೋರಿಸ್ರೀ, ಹುಬ್ಬಳ್ಳಿಗೆ ವರ್ಗ ಮಾಡಿಸ್ತೀನಿ" ಎಂದಿದ್ದರು ಮೈಸೂರಿನ ಸಾಹೇಬರು ವೇಣುಗೋಪಾಲ.

ಉಮಾಪತಿ ಹಗಲೂ ರಾತ್ರಿ ಲೆಕ್ಕ ಹಾಕಿದ. ಗಾಳಿ ಅಗಲವಾದ ಬೋರ್ಡನ್ನು ದೂಡುವುದಷ್ಟೇ ಅಲ್ಲ, ಕಂಬವನ್ನು ತಿರುಚುತ್ತದೆ ಕೂಡ. ಅದಕ್ಕೇ ಎರೆಮಣ್ಣು ದಾಟಿ ಗಟ್ಟಿ ನೆಲ ಸಿಗುವವರೆಗೆ ದುಂಡಗೆ ಕೊರೆಸಿ, ಕಬ್ಬಿಣದ ಪಂಜರ ಇಳಿಸಿ, ಕಾಂಕ್ರೀಟು ತುಂಬಿಸಿದ.

"ಬೋರ್ಡ್ ನಿಲ್ಲಸ್ತೀಯೋ, ಬಾವಿ ತೋಡ್ತೀಯೋ ತಮ್ಮಾ?" ಎಂದರು ನೆರೆಮನೆಯವರೂ ಸೈಟಿನ ಮೇಲ್ವಿಚಾರಕರೂ ಆದ ಗದಗಿನ ಹೊನ್ನಪ್ಪ.

ಹಸಿ ಕಾಂಕ್ರೀಟಿನಲ್ಲಿ ಮುಂದೆ ಕಂಬ ಕೂರಿಸಬೇಕಾದ ನಾಲ್ಕು ಬೋಲ್ಟುಗಳನ್ನು ಮರದ ಚೌಕಟ್ಟಿನಿಂದ ನಿಲ್ಲಿಸಿ, ಉಮಾಪತಿ ವಿಮಲಾಗೆ ಟ್ರಂಕ್ ಕಾಲ್ ಮಾಡಲು ಅಂಚೆ ಕಚೇರಿಗೆ ಹೋದ. ಬರುವಷ್ಟರಲ್ಲಿ ಹೊನ್ನಪ್ಪ ಕಾಯಿ ಒಡೆದು, ಎಲ್ಲದರ ಮೇಲೂ ಒದ್ದೆ ಗೋಣಿಚೀಲ ಹೊದಿಸಿದ್ದರು.

ಕಾಂಕ್ರೀಟು ಗಟ್ಟಿಯಾಗಿ, ಸಾಹೇಬರು ನೋಡಲು ಬರುವ ದಿನವೂ ಬಂತು. ಬೆಳಿಗ್ಗೆಯೇ ಕ್ರೇನು ಕಂಬ ಎತ್ತಿತು, ನಟ್ಟು ಬಿಗಿಯಾಯಿತು. ಬೋರ್ಡು ಮಾತ್ರ ರಸ್ತೆಗೆ ಅರ್ಧ ಬೆನ್ನು ಹಾಕಿ, ಮುನಿಸಿಕೊಂಡ ಸೊಸೆಯಂತೆ ಕಿತ್ತಳೆ ತೋಟದ ಕಡೆ ನೋಡುತ್ತ ನಿಂತಿತು.

"ಕಾಕಾ, ನೀವೇನಾರ ಮುಟ್ಟಿದ್ರೇನು?"

"ಕಾಯಿ ಒಡದ ಮ್ಯಾಲೆ ಬೋಲ್ಟಿನ ಚೌಕಟ್ಟ ಒಂಚೂರು ಈಶಾನ್ಯಕ್ಕ ತಿರುವಿದೆ, ಅಷ್ಟ. ನಿನ್ನ ಬದ್ಲಿ ಜಲ್ದಿ ಆಗ್ಲಿ ಅಂತ."

ಉಮಾಪತಿಗೆ ಅಳು ಬಂತು. "ಅಂಜಬ್ಯಾಡ, ಸಾಹೇಬ್ರು ಬರೂದ್ರಾಗ ಬರೋಬರ್ ಮಾಡೂಣು" ಎಂದು ಹೊನ್ನಪ್ಪ ಕಂಬಕ್ಕೆ ಸರಪಳಿ ಬಿಗಿದು ಲಾರಿಯಿಂದ ಎಳೆಸಿದರು. ಲಾರಿ ಬೊಬ್ಬೆ ಹೊಡೆಯಿತು, ಹೊಗೆ ಕಾರಿತು. ಕೊನೆಗೆ ಅದರ ಬಂಪರು ಕಿತ್ತು ಬಂದು ಕಂಬದ ಬುಡದಲ್ಲಿ ಬಿತ್ತು. ಆ ಹೊತ್ತಿಗೇ ಸಾಹೇಬರ ಜೀಪು ಬಂತು.

ಸಾಹೇಬರು ಬೋರ್ಡು ನೋಡಿದರು, ಬಂಪರು ನೋಡಿದರು, ಬುಡಕ್ಕೆ ಒಂದು ಸುತ್ತು ಬಂದರು.

"ಲಾರಿ ಎಳೆದ್ರೂ ಮಿಸುಕಲಿಲ್ವಾ?"

"ಇಲ್ಲ ಸರ್."

"ಅಡಿಪಾಯ ಅಂದ್ರೆ ಇದು ಕಣ್ರೀ. ಬೋರ್ಡು ಬೇಕಾದ್ರೆ ಕಂಬದ ತಳದ ತಗಡಿಗೆ ಬೇರೆ ತೂತು ಕೊರೆಸಿ ತಿರುಗಿಸಬಹುದು." ಉಮಾಪತಿಯ ಕಣ್ಣ ಮುಂದೆ ಹುಬ್ಬಳ್ಳಿ ಸ್ಟೇಷನ್ನೇ ಬಂದು ನಿಂತಿತು. "ಆದ್ರೆ ಬೋಲ್ಟು ತಿರುಗಿಸಿದ ಮಹಾನುಭಾವ ಯಾರು?"

ಹೊನ್ನಪ್ಪ ಕೈ ಮುಗಿದು ಮುಂದೆ ಬಂದರು.

"ನೀವು ಈ ರಸ್ತೆ ಹತ್ತಿರ ಸುಳಿಯಬಾರದು. ನಾಳೇನೇ ನಿಮ್ಮನ್ನ ಹುಬ್ಬಳ್ಳಿಗೆ ಎತ್ತಿಹಾಕ್ತೀನಿ" ಎಂದು ಗುಡುಗಿ, ಸಾಹೇಬರು ಉಮಾಪತಿಯ ಬೆನ್ನು ತಟ್ಟಿದರು. "ಅಮರಾವತಿವರೆಗಿನ ಕಂಬಗಳೆಲ್ಲ ಇನ್ನು ನಿಮ್ಮವೇ. ನಿಮ್ಮಂಥವರನ್ನ ಯಾರಾದ್ರೂ ಬಿಟ್ಟುಕೊಡ್ತಾರೇನ್ರೀ?"

ಜೀಪು ಹೋದ ಮೇಲೆ ಹೊನ್ನಪ್ಪ ಕಣ್ಣೊರೆಸಿಕೊಂಡರು. "ತಪ್ಪಾತು ತಮ್ಮಾ. ನನ್ನ ಮನಿ ದೊಡ್ಡದೈತಿ, ಕೀಲಿ ನೀ ಇಟಗೋ. ಹುಬ್ಬಳ್ಳಿ ಮುಟ್ಟಿದ ಕೂಡ್ಲೆ ವಿಮಲಾನ್ನ ನಾನ ರೈಲಿಗೆ ಹತ್ತಸ್ತೀನಿ."

ಇಷ್ಟು ದಿನ ವರ್ಗಕ್ಕಾಗಿ ಕಾಯುತ್ತ ಕೂತವನಿಗೆ ಅವಳನ್ನೇ ಇಲ್ಲಿಗೆ ಕರೆಸಬಹುದೆಂದು ಹೊಳೆದೇ ಇರಲಿಲ್ಲ. ಉಮಾಪತಿಗೆ ನಗು ಬಂತು. ಕೀಲಿ ಕಿಸೆಗೆ ಹಾಕಿಕೊಂಡು ಟ್ರಂಕ್ ಕಾಲ್ ಮಾಡಲು ಹೊರಟ. ಈ ಸಲ ಮಾತ್ರ ಹೊನ್ನಪ್ಪನವರನ್ನೂ ಜೊತೆಗೇ ಕರೆದುಕೊಂಡು ಹೋದ.