ಬೆರಳಿಗೇರಿದ ಹಿಮಾಲಯದ ಜೊಂಡು

ಮರೆವು ಎಂಬುದು ಪಟ್ಟಿ ಬರೆಯದವರಿಗೆ ಬರುವ ಕಾಯಿಲೆ ಎಂದು ನಾನು ನಂಬಿದ್ದೆ. ಜಯನಗರದ ನಮ್ಮ ಮನೆಯಲ್ಲಿ ಸೂಜಿಗೂ ಒಂದು ಜಾಗವಿತ್ತು, ಆ ಜಾಗಕ್ಕೂ ಒಂದು ನಂಬರಿತ್ತು. ಮೂವತ್ತು ವರ್ಷ ಹೆಡ್‌ಮಾಸ್ತರನಾಗಿದ್ದವನ ಮನೆ ಇನ್ನು ಹೇಗಿರಬೇಕು!

ಎಂಬತ್ತರ ದಶಕದ ಮೊದಲಲ್ಲಿ ನಾನು ಮತ್ತು ನನ್ನ ಹೆಂಡತಿ ಲಲಿತಾ ಬದರಿ ಯಾತ್ರೆಗೆ ಹೊರಟಾಗ, ಪಕ್ಕದ ಮನೆಯ ಸಸ್ಯಶಾಸ್ತ್ರದ ಲೆಕ್ಚರರ್ ವಿಮಲಾ ಒಂದು ಕೆಲಸ ಒಪ್ಪಿಸಿದರು.

"ಸಾರ್, ಹಿಮದ ಹತ್ತಿರ ಒಂದು ಪುಟ್ಟ ಜೊಂಡು ಬೆಳೆಯತ್ತೆ. ಹುಲ್ಲಿನ ಹಾಗೆ ಕಾಣತ್ತೆ, ಹುಲ್ಲಲ್ಲ. ಗೇಣುದ್ದ, ತುದೀಲಿ ಕಂದು ಹೂವು. ಕಾಲೇಜಲ್ಲಿ ಬರೀ ಚಿತ್ರ ತೋರಿಸಿ ಸಾಕಾಗಿದೆ. ಮೂರೇ ಕಡ್ಡಿ ತನ್ನಿ. ಬೇರು ಮಾತ್ರ ಕೀಳ್ಬೇಡಿ, ಆ ಚಳೀಲಿ ಒಂದು ಗಿಡ ಬದುಕೋದೇ ಕಷ್ಟ."

ಮೂರು ಎಂದರೆ ಮೂರು! ಮಂಡಿಯೂರಿ, ಬ್ಲೇಡಿನಿಂದ ಕೊಯ್ದು, ಬೇರಿಗೆ ಕೈಮುಗಿದು ಬಂದೆ. ದಾರಿಯುದ್ದಕ್ಕೂ ದಿನಾ ಬೆಳಿಗ್ಗೆ ಐದೂವರೆಗೆ ಅದಕ್ಕೆ ಸುತ್ತಿದ ನ್ಯೂಸ್‌ಪೇಪರ್ ಬದಲಿಸಿದೆ.

"ನನಗೆ ಸೀರೆ ಬದಲಾಯಿಸೋಕೆ ಪುರುಸೊತ್ತಿಲ್ಲ, ಇದಕ್ಕೆ ದಿನಾ ಹೊಸ ಬಟ್ಟೆ!" ಎಂದಳು ಲಲಿತಾ.

ಮನೆಗೆ ಬಂದ ಮೇಲೆ ಅದು ಚಪ್ಪಟೆಯಾಗಿ ಒಣಗಲು ಭಾರ ಬೇಕಿತ್ತು. ದೇವರ ಮನೆಯ ಎಡಗೂಡಿನಲ್ಲಿದ್ದ ಸಾಣೆಕಲ್ಲಿಗಿಂತ ಯೋಗ್ಯವಾದದ್ದು ಯಾವುದು? ಅದರಡಿ ಇದ್ದ ಹಳೆಯ ದರ್ಭೆ ಕಟ್ಟನ್ನು ಎಸೆದು, ಹಿಮಾಲಯವನ್ನು ಅಲ್ಲಿ ಪ್ರತಿಷ್ಠಾಪಿಸಿದೆ.

ವಿಮಲಾ ಅದನ್ನು ಒಯ್ಯಬೇಕಿದ್ದ ದಿನವೇ ನಮ್ಮ ತಂದೆಯ ಶ್ರಾದ್ಧ. "ನಾಲ್ಕು ಗಂಟೆಗೆ ಬನ್ನಿ, ಸಿದ್ಧವಾಗಿರತ್ತೆ" ಎಂದು ಮಾತು ಕೊಟ್ಟಿದ್ದೆ. ಮಣೆಯ ಮೇಲೆ ಕೂತಿದ್ದಾಗ ಶಾಸ್ತ್ರಿಗಳು, "ಸ್ವಾಮಿ, ಪವಿತ್ರದ ಉಂಗುರಕ್ಕೆ ಮೂರು ದರ್ಭೆ ಕಡಿಮೆ ಬಿತ್ತು. ನಿಮ್ಮಲ್ಲಿದೆಯಾ?" ಎಂದರು.

ಇದೆಯಾ ಅಂತೆ! ನಮ್ಮ ಮನೆಯಲ್ಲಿ!

"ದೇವರ ಮನೆ, ಎಡಗೂಡು, ಸಾಣೆಕಲ್ಲಿನ ಕೆಳಗೆ!" ಎಂದೆ ಠೀವಿಯಿಂದ.

ಮಾತಾಡಿದ್ದು ಇಪ್ಪತ್ತು ವರ್ಷದ ಅಭ್ಯಾಸ. ನಾನಲ್ಲ.

"ಎಣಿಸಿಟ್ಟ ಹಾಗೆ ಮೂರೇ ಇದೆ! ಏನು ಶಿಸ್ತು ನಿಮ್ದು!" ಎಂದು ಹೊಗಳುತ್ತ, ಒಳಗಿನಿಂದ ಬಂದ ಶಾಸ್ತ್ರಿಗಳು ಕಡ್ಡಿಗಳನ್ನು ನೀರಲ್ಲಿ ನೆನೆಸಿ, ತಿರುಚಿ, ಗಂಟು ಹಾಕಿ ನನ್ನ ಬೆರಳಿಗೆ ತೊಡಿಸಿದರು. ಗಂಟಿನಾಚೆ ಕಂದು ಹೂವು ಇಣುಕಿತು. ಅಯ್ಯೋ, ವಿಮಲಾರ ಜೊಂಡು!

"ಶಾಸ್ತ್ರಿಗಳೇ, ಇದು ದರ್ಭೆ..."

"ಮಧ್ಯೆ ಮಾತಾಡಬಾರದು. ನೀರು ಬಿಡಿ."

ಎರಡು ಗಂಟೆ ಕಾಲ ನೀರು, ಎಳ್ಳು, ಮತ್ತೆ ನೀರು. ಹಿಮಾಲಯದಲ್ಲೂ ಆ ಗಿಡ ಅಷ್ಟು ಮಳೆ ಕಂಡಿರಲಾರದು! ಕೊನೆಗೆ ಅವರು, "ಪವಿತ್ರ ಬಿಚ್ಚಿ ಎಸೀರಿ" ಎಂದರು.

ಮುಷ್ಟಿ ಬಿಗಿಹಿಡಿದೆ. "ಎಸೆಯಲ್ಲ!"

"ಎಸೀಲೇಬೇಕು ಸ್ವಾಮಿ. ಇಲ್ದಿದ್ರೆ ಕರ್ಮ ಪೂರ್ತಿಯಾಗಲ್ಲ."

ಒಂದು ಕಡೆ ತಂದೆ, ಇನ್ನೊಂದು ಕಡೆ ವಿಮಲಾಗೆ ಕೊಟ್ಟ ಮಾತು. ಅಷ್ಟರಲ್ಲಿ ಲಲಿತಾ ಸ್ಟೀಲ್ ತಟ್ಟೆ ಹಿಡಿದು ಬಂದು ನಿಂತಳು.

"ಎಸೆಯೋದು ಸರಿ ಶಾಸ್ತ್ರಿಗಳೇ. ಇಂಥ ಕಡೇನೇ ಬೀಳ್ಬೇಕು ಅಂತ ಎಲ್ಲಾದ್ರೂ ಇದೆಯಾ?"

ಶಾಸ್ತ್ರಿಗಳು ಯೋಚಿಸಿದರು. ಇರಲಿಲ್ಲ. ಗಂಟು ಬಿಚ್ಚಿ ಎಸೆದೆ. ಲಲಿತಾ ತಟ್ಟೆಯಲ್ಲಿ ಹಿಡಿದಳು. ಕ್ಯಾಚ್!

ನಾಲ್ಕಕ್ಕೆ ವಿಮಲಾ ಬಂದರು. ಹೋಂವರ್ಕ್ ಮಾಡದ ಹುಡುಗನಂತೆ ತಟ್ಟೆ ಮುಂದೊಡ್ಡಿದೆ. ಅವರು ಭೂತಗನ್ನಡಿ ಹಿಡಿದು ಬಗ್ಗಿದರು.

"ಸಾರ್! ಒಣಗಿದ ಹೂವನ್ನ ಬಿಡಿಸಿ ನೋಡ್ಬೇಕಾದ್ರೆ ಮೊದಲು ನೆನೆಸ್ಬೇಕು. ನಿಮಗೆ ಯಾರು ಹೇಳಿಕೊಟ್ರು? ನೋಡಿ, ಗುಂಡನೆ ಕಡ್ಡಿ, ಗೆಣ್ಣಿಲ್ಲ. ಒಂದು, ಎರಡು... ಆರು ಎಸಳು! ಹುಲ್ಲಲ್ಲ ಸಾರ್, ಜೊಂಡೇ! ನಾನು ಹೇಳಿದ್ದೇ!"

"ಎಲ್ಲ ಯೋಜನೆಯ ಪ್ರಕಾರ," ಎಂದೆ ಗಂಭೀರವಾಗಿ. ಲಲಿತಾ ಕೆಮ್ಮಿದಳು.

ಆ ಮೂರು ಕಡ್ಡಿಗಳು ಕಾಲೇಜಿನ ಬೀರುವಿನಲ್ಲಿ ಹಾಳೆಯೇರಿ, ನನ್ನ ಹೆಸರು ಹೊತ್ತು ಕೂತವು. ಸ್ವಲ್ಪ ಡೊಂಕು, ಅಷ್ಟೆ. ಎಷ್ಟೋ ವಿದ್ಯಾರ್ಥಿಗಳು ಡೊಂಕಾಗಿಯೇ ಚಿತ್ರ ಬರೆದರಂತೆ!

ಮರುವರ್ಷ ಶಾಸ್ತ್ರಿಗಳು ಬಂದವರೇ, "ಹೋದ ಸಲದ ದರ್ಭೆ ಎಷ್ಟು ಮೃದು! ಅದೇ ತರಿಸಿದ್ದೀರಾ?" ಎಂದರು.

"ತರಿಸಬಹುದು. ಇವರನ್ನ ಹಿಮಾಲಯಕ್ಕೆ ಕಳಿಸ್ಬೇಕು, ಅಷ್ಟೇ," ಎಂದಳು ಲಲಿತಾ.

ಆ ವರ್ಷದಿಂದ ಶ್ರಾದ್ಧದ ಪಟ್ಟಿ ಬರೆಯುವ ಅಧಿಕಾರ ಅವಳಿಗೆ ಹಸ್ತಾಂತರವಾಗಿದೆ. ಎಲ್ಲಕ್ಕಿಂತ ಕೊನೆಯಲ್ಲಿ ನನ್ನದೂ ಒಂದು ಸಾಲಿದೆ: "ಇವರು: ಮಣೆಯ ಮೇಲೆ ಕೂರುವುದು. ಯಾವ ವಸ್ತು ಎಲ್ಲಿದೆ ಎಂದು ಹೇಳಕೂಡದು."